ಟೀಚರಕ್ಕನ ಜೊತೆ ಮುಳ್ಳಯ್ಯನಗಿರಿ ಇಳಿದದ್ದು

ಶುಕ್ರವಾರ, ಏಪ್ರಿಲ್ 4, 2025

ಎರಡು ಗಂಟೆಗೆ ಹೊರಡಬೇಕಾಗಿದ್ದ ಟಿಟಿ ಗೊರಗುಂಟೆಪಾಳ್ಯ ದಾಟುವಾಗ ಮೂರೂವರೆ ಆಗಿತ್ತು. ಹದಿಮೂರು ಜನ ಇದ್ದೆವು. ಸೀಟಿನ ಕೆಳಗೆಲ್ಲ ಶೂಗಳು. ಡ್ರೈವರ್ ಅಣ್ಣ ಹಿಂದೆ ತಿರುಗಿ ನೋಡಿ, "ಇಷ್ಟೊಂದು ಶೂ ಯಾಕೆ ಮೇಡಂ?" ಅಂದರು. ನಾಳೆ ಒಂದು ಜೊತೆ ಒದ್ದೆಯಾದರೆ ನಾಡಿದ್ದಿಗೆ ಇನ್ನೊಂದು ಬೇಕಲ್ಲ ಅಂದೆ. ನಾಡಿದ್ದೂ ಓಡ್ತೀರಾ ಅಂತ ಅವರಿಗೆ ಆಶ್ಚರ್ಯ.

ಹೌದು, ಎರಡೂ ದಿನ. ಶನಿವಾರ ಬೆಟ್ಟ ಹತ್ತಿ ಇಳಿದು 32 ಕಿಲೋಮೀಟರ್. ಭಾನುವಾರ ದಣಿದ ಕಾಲಲ್ಲೇ ಮತ್ತೆ 13. ನಮ್ಮ ಗುಂಪು ಸೇರುವುದು ಲಾಲ್‌ಬಾಗ್‌ನಲ್ಲಿ. ಉದ್ದದ ಓಟ ಅಂದರೆ ಕನಕಪುರ ರಸ್ತೆ, ಬೆಟ್ಟ ಅಂದರೆ ನಂದಿ. ಆದರೆ ಈ ಸಲ ನಂದಿ ಸಾಲದು ಅಂದುಬಿಟ್ಟರು ನಮ್ಮ ಕೋಚ್ ಸರ್. "ಅಲ್ಲಿ ಇಳಿಯೋಕೆ ಶುರು ಮಾಡೋಷ್ಟರಲ್ಲಿ ಇಳಿಜಾರೇ ಮುಗಿದುಹೋಗುತ್ತೆ. ಟೀಚರ್‌ಗೆ ಉದ್ದ ಇಳಿಜಾರು ಬೇಕು."

ಟೀಚರ್ ಅಂದರೆ ನಮ್ಮ ಟೀಚರಕ್ಕ. ವಯಸ್ಸು 53. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಓಡಲು ಶುರು ಮಾಡಿದ್ದೇ 44ನೇ ವಯಸ್ಸಿನಲ್ಲಿ. ಮೊದಲ ದಿನ ಸೀರೆ ಉಟ್ಟುಕೊಂಡು, ಕ್ಯಾನ್ವಾಸ್ ಶೂ ಹಾಕಿಕೊಂಡು ಲಾಲ್‌ಬಾಗ್ ಬಂಡೆಯ ಹತ್ತಿರ ಬಂದು ನಿಂತಿದ್ದರು. ಕಳೆದ ಜನವರಿಯಲ್ಲಿ ಮುಂಬೈ ಮ್ಯಾರಥಾನನ್ನು 4 ಗಂಟೆ 41 ನಿಮಿಷಕ್ಕೆ ಮುಗಿಸಿದರು. ಆ ಹೊತ್ತು ಬಹಳ ಮುಖ್ಯ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟಕ್ಕೆ ಹೆಸರು ಪಕ್ಕಾ ಆಗಬೇಕಾದರೆ 42.2 ಕಿಲೋಮೀಟರನ್ನು 4 ಗಂಟೆ 50 ನಿಮಿಷದೊಳಗೆ ಓಡಿರಬೇಕು.

ಕಾಮ್ರೇಡ್ಸ್ ಹೆಸರಿಗೆ ಮ್ಯಾರಥಾನ್. ಆದರೆ ದೂರ ಹತ್ತಿರ ಹತ್ತಿರ 90 ಕಿಲೋಮೀಟರ್. ಮೊದಲ ಮಹಾಯುದ್ಧದಲ್ಲಿ ಸತ್ತ ಸಂಗಾತಿಗಳ ನೆನಪಿಗೆ ವಿಕ್ ಕ್ಲಾಪಮ್ ಅನ್ನುವ ಸೈನಿಕ 1921ರಲ್ಲಿ ಶುರು ಮಾಡಿದ್ದು. ಆ ವರ್ಷ ಹೊರಟವರು 34 ಜನ, ಮುಗಿಸಿದವರು 16. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಊರುಗಳ ನಡುವೆ ಒಂದು ವರ್ಷ ಮೇಲಕ್ಕೆ, ಇನ್ನೊಂದು ವರ್ಷ ಕೆಳಕ್ಕೆ ಓಡುತ್ತಾರೆ. ಪೀಟರ್‌ಮಾರಿಟ್ಸ್‌ಬರ್ಗ್ ಅಂದರೆ 1893ರ ಜೂನ್‌ನಲ್ಲಿ ಗಾಂಧೀಜಿಯನ್ನು ರೈಲಿನಿಂದ ಹೊರಗೆ ದಬ್ಬಿದ ಊರು. ಓಟದ ಹಿಂದಿನ ದಿನ ಆ ಸ್ಟೇಷನ್ನಿಗೆ ಹೋಗಿ ನಿಲ್ಲಬೇಕು ಅಂತ ಅಕ್ಕನ ಆಸೆ. ಮಕ್ಕಳಿಗೆ ವರ್ಷಾ ವರ್ಷಾ ಆ ಪಾಠ ಮಾಡಿದವರು ಅವರು.

ಈ ವರ್ಷ ಓಟ ಜೂನ್ 8ಕ್ಕೆ. ಈ ಭಾನುವಾರಕ್ಕೆ ಸರಿಯಾಗಿ ಒಂಬತ್ತು ವಾರ. ಈ ಸಲದ್ದು ಕೆಳಗಿಳಿಯುವ ಓಟ. "ಹಾಗಾದ್ರೆ ಸುಲಭ ಅಲ್ವಾ?" ಅಂತ ಯಾರೋ ಕೇಳಿದ್ದಕ್ಕೆ ಕೋಚ್ ಸರ್ ತಲೆ ಅಲ್ಲಾಡಿಸಿದ್ದರು. ಹತ್ತುವ ಓಟದಲ್ಲಿ ಉಸಿರು ಸೋಲುತ್ತದೆ, ಇಳಿಯುವ ಓಟದಲ್ಲಿ ತೊಡೆ ಸೋಲುತ್ತದೆ. ಉಸಿರು ಐದು ನಿಮಿಷ ನಡೆದರೆ ವಾಪಸ್ ಬರುತ್ತದೆ. ತೊಡೆ ಬರುವುದಿಲ್ಲ. ಇನ್ನೂ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬಾಕಿ ಇರುವಾಗ ಅಲ್ಲಿ ಫೀಲ್ಡ್ಸ್ ಹಿಲ್ ಅಂತ ಮೂರು ಕಿಲೋಮೀಟರ್ ಉದ್ದದ ಇಳಿಜಾರು ಬರುತ್ತದೆ. ತುಂಬಾ ಜನರ ಓಟ ನಡಿಗೆಯಾಗುವುದು ಅಲ್ಲಿಯೇ. ಓಟ ಶುರುವಾಗಿ 12 ಗಂಟೆ ಆದ ಕೂಡಲೇ ಬಂದೂಕು ಸಿಡಿಯುತ್ತದೆ. ಅದನ್ನು ಹಾರಿಸುವವರು ಓಡಿ ಬರುತ್ತಿರುವವರಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ಆಮೇಲೆ ಗೆರೆ ಮುಟ್ಟಿದವರ ಹೆಸರು ದಾಖಲಾಗುವುದಿಲ್ಲ, ಅದು ಒಂದೇ ಸೆಕೆಂಡ್ ತಡವಾಗಿದ್ದರೂ.

ನಾವು ಹನ್ನೆರಡು ಜನ ಯಾರೂ ಕಾಮ್ರೇಡ್ಸ್‌ಗೆ ಹೋಗುತ್ತಿಲ್ಲ. ಅಕ್ಕ ಒಬ್ಬರೇ ಆ ಬೆಟ್ಟ ಹತ್ತಿ ಇಳಿಯಬಾರದು ಅಂತ ಹೊರಟವರು. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಗ್ರೂಪಿನಲ್ಲಿ ಕೋಚ್ ಸರ್ ತಾರೀಖು ಹಾಕಿದರು, ಒಬ್ಬೊಬ್ಬರೇ ಹೆಸರು ಸೇರಿಸುತ್ತಾ ಹೋದೆವು.

ಯಡಿಯೂರಿನಲ್ಲಿ ಕಾಫಿ. ಹಾಸನದಲ್ಲಿ ಕತ್ತಲೆ. ಬೇಲೂರು ದಾಟಿದ ಮೇಲೆ ಎಲ್ಲರೂ ನಿದ್ದೆ. ಚಿಕ್ಕಮಗಳೂರು ಬಿಟ್ಟು ಕೈಮರದ ಕಡೆ ತಿರುಗಿದಾಗ ಕಿಟಕಿಯಿಂದ ಒಂದು ವಾಸನೆ ಬಂತು. ಮಲ್ಲಿಗೆಯ ಹಾಗೆ, ಆದರೆ ಅದಕ್ಕಿಂತ ಸ್ವಲ್ಪ ಭಾರ. ಹಿಂದಿನ ಸೀಟಿನ ಹಾಸನದ ಹುಡುಗ ಎದ್ದು ಕೂತು, "ಕಾಫಿ ಹೂವು" ಅಂದ. ಹತ್ತು ದಿನದ ಹಿಂದೆ ಹೂಮಳೆ ಬಿದ್ದಿತ್ತಂತೆ. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡಿಹೋಗುತ್ತದೆ. ನಾವು ಸರಿಯಾದ ದಿನವೇ ಬಂದಿದ್ದೆವು.

ಹೋಂಸ್ಟೇ ಕೈಮರಕ್ಕೆ ಮೂರು ಕಿಲೋಮೀಟರ್ ಈಚೆ. ಅಕ್ಕಿ ರೊಟ್ಟಿ, ಕಾಳುಪಲ್ಯ, ಅನ್ನ, ತಿಳಿಸಾರು. ಊಟ ಆದ ಮೇಲೆ ಅಡುಗೆಮನೆಯಲ್ಲೇ ಕೂತು ನಾಳೆಯ ಬುತ್ತಿ ಕಟ್ಟಿದೆವು. ಬೇಯಿಸಿದ ಸಣ್ಣ ಆಲೂಗಡ್ಡೆಗೆ ಉಪ್ಪು ಸವರಿ ಪ್ಲಾಸ್ಟಿಕ್ ಕವರಿಗೆ. ಕಡಲೆಕಾಯಿ ಚಿಕ್ಕಿ ಮುರಿದು ಚಿಕ್ಕ ಚಿಕ್ಕ ತುಂಡು. ಏಲಕ್ಕಿ ಬಾಳೆ, ಓಆರ್‌ಎಸ್ ಪೊಟ್ಟಣ. ಮೂರು ಗಂಟೆಗಿಂತ ಜಾಸ್ತಿ ಓಡುವ ದಿನ ಹಸಿವಾಗುವ ತನಕ ಕಾಯಬಾರದು. ಅರ್ಧ ಗಂಟೆಗೊಮ್ಮೆ ಒಂದು ತುತ್ತು ಒಳಗೆ ಹೋಗುತ್ತಾ ಇರಬೇಕು. ಮನೆಯ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೆಟ್ಟಕ್ಕೆ ಜೀಪ್ ಸಿಗುತ್ತಲ್ರೀ" ಅಂದರು. ಅಕ್ಕ ನಕ್ಕು, "ಬರೋವಾಗ ಹಸಿವಾಗಿರುತ್ತೆ, ಜಾಸ್ತಿ ಅಡುಗೆ ಮಾಡಿರಿ ಅಮ್ಮ" ಅಂದರು.

ಶನಿವಾರ, ಏಪ್ರಿಲ್ 5

ನಾಲ್ಕೂವರೆಗೆ ಎದ್ದೆವು. ಅಂಗಳದಲ್ಲಿ ಕಣದ ಮೇಲೆ ಕಾಳುಮೆಣಸು ಹರಡಿ ಟಾರ್ಪಾಲು ಹೊದಿಸಿತ್ತು. ಅದನ್ನು ತುಳಿಯದ ಹಾಗೆ ಹೆಡ್‌ಲೈಟ್ ಬೆಳಕಲ್ಲಿ ಗೋಡೆ ಬದಿಗೆ ಸರಿದು ಮೈ ಸಡಿಲ ಮಾಡಿಕೊಂಡೆವು. ಬೆಲ್ಲದ ಕಾಫಿ, ಎರಡು ಬ್ರೆಡ್. ಐದೂವರೆಗೆ ಹೊರಟೆವು. ಕೈಮರದ ಚೆಕ್‌ಪೋಸ್ಟ್ ತೆರೆಯುವುದು ಆರು ಗಂಟೆಗೆ, ಅದಕ್ಕೆ ಮೊದಲ ಮೂರು ಕಿಲೋಮೀಟರ್ ನಿಧಾನ. ಕತ್ತಲಲ್ಲಿ ತೋಟದ ನಾಯಿಗಳು ಬೊಗಳಿದಾಗ ಎಲ್ಲರೂ ನಡೆದೆವು. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ, ನಡೆದರೆ ಸುಮ್ಮನಾಗುತ್ತವೆ.

ಚೆಕ್‌ಪೋಸ್ಟಿನವರು ಹೆಸರು, ಫೋನ್ ನಂಬರ್ ಬರೆಸಿಕೊಂಡು ಬಿಟ್ಟರು. ಅಲ್ಲಿಂದ ಶುರು ನಿಜವಾದ ಏರು. ಕೋಚ್ ಸರ್‌ಗೆ ಮಂಡಿ ಸವೆದಿದೆ, ಈಗ ಓಡುವುದಿಲ್ಲ. ಒಂದು ಕಾಲದಲ್ಲಿ ರೈಲ್ವೆ ಪರವಾಗಿ ಓಡಿದವರು. ಅವರು ಟಿಟಿಯಲ್ಲಿ ನೀರು, ಬುತ್ತಿ ಹಿಡಿದುಕೊಂಡು ಮುಂದೆ ಹೋದರು. ಹೋಗುವ ಮೊದಲು ಹೇಳಿದ್ದು ಎರಡೇ ಮಾತು. "ಹತ್ತೋವಾಗ ಮಾತಾಡೋಕೆ ಆಗಬೇಕು. ಆಗದಿದ್ರೆ ನಡೀರಿ."

ನಡೆಯುವುದು ಸೋಲು ಅಂತ ಹೊಸಬರಿಗೆ ಅನ್ನಿಸುತ್ತದೆ. ನನಗೂ ಮೂರು ವರ್ಷ ಹಾಗೇ ಅನ್ನಿಸಿತ್ತು. ಟೀಚರಕ್ಕನ ಲೆಕ್ಕ ಬೇರೆ. ಎರಡು ಲೈಟ್ ಕಂಬ ಓಟ, ಒಂದು ಕಂಬ ನಡಿಗೆ. ಕಂಬ ಇಲ್ಲದ ಕಡೆ 80 ಹೆಜ್ಜೆ ಓಟ, 40 ಹೆಜ್ಜೆ ನಡಿಗೆ. ನಡೆಯುವಾಗ ಕೈ ಸೊಂಟದ ಮೇಲಲ್ಲ, ತೊಡೆಯ ಮೇಲೆ. ತೊಡೆಯನ್ನು ಅಂಗೈಯಿಂದ ಒತ್ತಿ ಒತ್ತಿ ಮುಂದೆ ಹೋಗುತ್ತಾರೆ, ಕಡಿದಾದ ಮೆಟ್ಟಿಲು ಹತ್ತುವ ಅಜ್ಜಿಯರ ಹಾಗೆ. ದಣಿವಾಗುವ ಮೊದಲೇ ನಡೆಯುತ್ತಾರೆ. ಅದೇ ಗುಟ್ಟು. ನಾನು ಅವರ ಪಕ್ಕದಲ್ಲೇ ಇದ್ದೆ. ನಮ್ಮನ್ನು ಹಿಂದೆ ಹಾಕಿ ಹೋದ ಇಬ್ಬರು ಹುಡುಗರು ಏಳನೇ ಕಿಲೋಮೀಟರ್‌ನಲ್ಲಿ ಬಗ್ಗಿ ನಿಂತು ಏದುಸಿರು ಬಿಡುತ್ತಿದ್ದರು. ಅಕ್ಕ ಅವರಿಗೆ ಚಿಕ್ಕಿ ಕೊಟ್ಟು, "ಬನ್ರಪ್ಪ ನಮ್ಮ ಜೊತೆ" ಅಂದರು.

ಆರೂ ಕಾಲಿಗೆ ಬೆಳಕು ಹರಿಯಿತು. ಆಗ ಕಂಡಿತು ಹೂವು. ರಸ್ತೆಯ ಎರಡೂ ಕಡೆ ಅರೇಬಿಕಾ ಗಿಡಗಳು. ಪ್ರತಿ ಕೊಂಬೆಯಲ್ಲೂ ಗೆಣ್ಣು ಗೆಣ್ಣಿಗೆ ಬಿಳಿ ಗೊಂಚಲು, ಯಾರೋ ಕೂತು ಪೋಣಿಸಿದ ಹಾಗೆ. ಹತ್ತಿರ ಹೋದರೆ ಜೇನು ಹುಳಗಳ ಸದ್ದು, ದೂರದಲ್ಲಿ ಮೋಟರ್ ಓಡುತ್ತಿದೆಯೇನೋ ಅನ್ನಿಸುವಷ್ಟು. ಒಂದು ಹೂವನ್ನು ಮುಟ್ಟಿ ನೋಡಿದೆ. ಐದು ಎಸಳು, ತೆಳ್ಳಗೆ, ಇಬ್ಬನಿಗೆ ತಣ್ಣಗಿತ್ತು. ಕೀಳಲು ಹೋಗಲಿಲ್ಲ. ಒಂದು ಹೂವು ಅಂದರೆ ಒಂದು ಹಣ್ಣು, ಒಂದು ಹಣ್ಣಿಗೆ ಎರಡು ಬೀಜ. ಈ ಬೆಟ್ಟಗಳಲ್ಲಿ ಒಂದೊಂದು ಬೀಜಕ್ಕೂ ಲೆಕ್ಕ ಇದೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ ದೇಶದಿಂದ ಏಳೇ ಏಳು ಬೀಜ ತಂದು ಇಲ್ಲಿ ಬಿತ್ತಿದರು ಅಂತ ಹೇಳುತ್ತಾರಲ್ಲ.

ತೋಟ ಮುಗಿದ ಮೇಲೆ ರಸ್ತೆ ಬೋಳು ಬೆಟ್ಟಕ್ಕೆ ಬೀಳುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಏಪ್ರಿಲ್‌ನಲ್ಲಿ ಹುಲ್ಲು ಒಣಗಿ ಬಂಗಾರದ ಬಣ್ಣ. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು, ಹಸಿರು ಶಾಲು ಸಿಕ್ಕಿಸಿದ ಹಾಗೆ. ಬಾಬಾ ಬುಡನ್‌ಗಿರಿ ಕಡೆ ಹೋಗುವ ರಸ್ತೆಯನ್ನು ಬಿಟ್ಟು ನಾವು ಎಡಕ್ಕೆ ತಿರುಗಿದೆವು. ಇಲ್ಲಿ ತಿರುವುಗಳು ಜಾಸ್ತಿ. ಬಲಗಡೆಯೇ ಓಡಬೇಕು, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣುವ ಹಾಗೆ. ಆದರೆ ಕುರುಡು ತಿರುವು ಬಂದಾಗ ತಿರುವಿನ ಹೊರಬದಿಗೆ ಸರಿಯಬೇಕು. ಸೀತಾಳಯ್ಯನಗಿರಿ ತಲುಪುವಷ್ಟರಲ್ಲಿ ಎಂಟು ಗಂಟೆ. ಕಾರುಗಳು ಬರತೊಡಗಿದ್ದವು. ಒಬ್ಬರು ಕಿಟಕಿ ಇಳಿಸಿ, ಹಾರ್ನ್ ಒತ್ತಿ ಹಿಡಿದು, ನಮ್ಮ ಪಕ್ಕದಲ್ಲೇ ಚಿಪ್ಸ್ ಪೊಟ್ಟಣ ಎಸೆದು ಹೋದರು. ಅಕ್ಕ ನಿಂತರು. ಪೊಟ್ಟಣ ಎತ್ತಿ ಮಡಚಿ ಬೆನ್ನಿನ ಚೀಲಕ್ಕೆ ಹಾಕಿಕೊಂಡರು. ನನಗೆ ಸಿಟ್ಟು ಬಂದಿತ್ತು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ಮೂರು ಕಿಲೋಮೀಟರ್‌ನಲ್ಲಿ ಇನ್ನೂ ನಾಲ್ಕು ಎತ್ತಿಕೊಂಡರು.

ಅಲ್ಲಿಂದ ಮೇಲೆ ರಸ್ತೆ ಕಿರಿದು, ಗಾಳಿ ಜೋರು. ಟೋಪಿ ಕೈಯಲ್ಲಿ ಹಿಡಿದೆವು. ಮೆಟ್ಟಿಲ ಬುಡ ತಲುಪಿದಾಗ ನನ್ನ ಗಡಿಯಾರದಲ್ಲಿ 16 ಕಿಲೋಮೀಟರ್. ಮೆಟ್ಟಿಲು ನಡೆದೇ ಹತ್ತಿದೆವು. ಮೇಲೆ ಮುಳ್ಳಪ್ಪ ಸ್ವಾಮಿ ಗುಡಿ. ಎತ್ತರ 1930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಮೇಲೆ ನಿಲ್ಲಲು ಜಾಗ ಇಲ್ಲ. ಸುತ್ತ ಚಂದ್ರದ್ರೋಣ ಸಾಲು, ಅರ್ಧಚಂದ್ರನ ಹಾಗೆ ಬಾಗಿದ ಬೆಟ್ಟಗಳು. ಈ ಬೆಟ್ಟಗಳಲ್ಲೇ 2022ರಲ್ಲಿ ನೀಲಿ ಕುರಿಂಜಿ ಅರಳಿದ್ದು. ಅದನ್ನು ನೋಡಲು ಬಂದಿದ್ದೆ ಅಂತ ಹಾಸನದ ಹುಡುಗ ಫೋನಲ್ಲಿ ಚಿತ್ರ ತೋರಿಸಿದ. ಅಕ್ಕ ಕೈ ಮುಗಿದು, ಗುಡಿಯ ಗೋಡೆಗೆ ಒರಗಿ ಕೂತು, ಮೂರು ಆಲೂಗಡ್ಡೆ ತಿಂದರು. ಆಮೇಲೆ ಶೂ ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಇದನ್ನು ನೋಡಬೇಕು. ಶೂನಲ್ಲಿ ಎಲ್ಲಕ್ಕಿಂತ ಮೇಲೆ, ಹಿಂದಕ್ಕೆ ಸರಿದ ಹಾಗೆ ಒಂದು ಪುಟ್ಟ ತೂತು ಇರುತ್ತದೆ. ಯಾರೂ ಅದಕ್ಕೆ ಲೇಸ್ ಹಾಕುವುದಿಲ್ಲ. ಅಕ್ಕ ಲೇಸನ್ನು ಅದರಲ್ಲಿ ತೂರಿಸಿ ಎರಡೂ ಕಡೆ ಒಂದೊಂದು ಕುಣಿಕೆ ಮಾಡಿದರು. ಬಲಗಡೆಯ ಲೇಸನ್ನು ಎಡಗಡೆಯ ಕುಣಿಕೆಗೆ, ಎಡಗಡೆಯದನ್ನು ಬಲಕ್ಕೆ ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ ಎಳೆದು ಕಟ್ಟಿದರು. ಹೀಗೆ ಮಾಡಿದರೆ ಹಿಮ್ಮಡಿ ಅಲ್ಲಾಡುವುದಿಲ್ಲ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಶೂನ ಮೂತಿಗೆ ಗುದ್ದುವುದಿಲ್ಲ. ಇಲ್ಲದಿದ್ದರೆ ಉಗುರು ಕಪ್ಪಾಗಿ ಬಿದ್ದುಹೋಗುತ್ತದೆ. ಅಕ್ಕನಿಗೆ ಹಿಂದೆ ಎರಡು ಉಗುರು ಹೋಗಿವೆ. ಅವರು ತಮ್ಮದು ಮುಗಿಸಿ, ನನ್ನ ಕಾಲನ್ನು ಎಳೆದುಕೊಂಡು ನನ್ನದನ್ನೂ ಕಟ್ಟಿದರು.

ಕೆಳಗೆ ಇಳಿಯುವ ಮೊದಲು ಡಾಕ್ಟ್ರು ಎಲ್ಲರನ್ನೂ ನಿಲ್ಲಿಸಿ ಮಾತಾಡಿದರು. ನಮ್ಮ ಗುಂಪಿನವರೇ, ಮೂಳೆ ಡಾಕ್ಟರ್. ಹತ್ತುವಾಗ ತೊಡೆಯ ಸ್ನಾಯು ಮುದುಡಿಕೊಂಡು ಮೈಯನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಮೈಯನ್ನು ಹಿಡಿದು ನಿಲ್ಲಿಸಬೇಕು. ಭಾರದ ಬುಟ್ಟಿಯನ್ನು ಹಗ್ಗ ಕಟ್ಟಿ ಬಾವಿಗೆ ನಿಧಾನವಾಗಿ ಇಳಿಸುವ ಹಾಗೆ. ಹಿಡಿದೂ ಹಿಡಿದೂ ಹಗ್ಗದ ಎಳೆಗಳು ಅಲ್ಲಲ್ಲಿ ಕಿತ್ತುಬರುತ್ತವೆ. ಅವತ್ತು ಗೊತ್ತಾಗುವುದಿಲ್ಲ, ಮಾರನೇ ದಿನದಿಂದ ನೋವು ಶುರು. ಆದರೆ ಒಮ್ಮೆ ಹೀಗೆ ನೊಂದ ಸ್ನಾಯು ವಾಸಿಯಾದ ಮೇಲೆ ಮುಂದಿನ ಕೆಲವು ವಾರ ಅಷ್ಟೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಕಲಿತುಕೊಂಡಿರುತ್ತದೆ. ಹಾಗಾಗಿಯೇ ಓಟಕ್ಕೆ ಕೆಲವು ವಾರ ಮುಂಚೆ ಬೇಕೆಂದೇ ಇಳಿಜಾರು ಓಡಿಸುವುದು. "ಇವತ್ತು ಜೋರಾಗಿ ಓಡಿದೋರಿಗೆ ಲಾಭ ಇಲ್ಲ. ಸರಿಯಾಗಿ ಇಳಿದೋರಿಗೆ ಲಾಭ" ಅಂದರು.

ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ತಪ್ಪು ಮಾಡಿದೆ. ಸೀತಾಳಯ್ಯನಗಿರಿ ತನಕ ಅಕ್ಕನ ಜೊತೆಗಿದ್ದೆ. ಆಮೇಲೆ ರಸ್ತೆ ಅಗಲವಾಯಿತು, ಗಾಳಿ ಬೆನ್ನಿಗೆ ಬಂತು, ಕಾಲು ತಾನಾಗಿ ಓಡತೊಡಗಿತು. ಎರಡೂವರೆ ಗಂಟೆ ಹತ್ತಿದ ಮೈಗೆ ಇಳಿಜಾರು ಅಂದರೆ ಬಿಡುಗಡೆ. "ಹೋಗು ನೀನು, ನಾನು ಬರ್ತೀನಿ ಕಣೇ" ಅಂದರು ಅಕ್ಕ. ಹೋದೆ. ನಾಲ್ಕು ಕಿಲೋಮೀಟರ್ ಹಾರಿಕೊಂಡು ಬಂದೆ. ಅಷ್ಟು ಖುಷಿಯಿಂದ ನಾನು ಓಡಿ ಬಹಳ ದಿನ ಆಗಿತ್ತು, ಅದನ್ನು ಸುಳ್ಳು ಹೇಳಲಾರೆ. ಐದನೆಯ ಕಿಲೋಮೀಟರ್‌ನಲ್ಲಿ ಒಂದು ತಿರುವಿನಲ್ಲಿ ವೇಗ ಇಳಿಸಲು ಹೋದೆ, ಎಡ ತೊಡೆ ಮಾತು ಕೇಳಲಿಲ್ಲ. ಗಡಗಡ ನಡುಗಿತು. ಮೀನಖಂಡ ಹಿಡಿದುಕೊಂಡು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಸ್ವಲ್ಪ ಕೆಳಗೆ ಒಂದು ಮೋರಿಯ ಕಟ್ಟೆ ಮೇಲೆ ಕೋಚ್ ಸರ್ ಕೂತಿದ್ದರು. ನನ್ನನ್ನು ನೋಡದೆಯೇ ಅವರಿಗೆ ಗೊತ್ತಾಗಿತ್ತು. ಆಮೇಲೆ ಹೇಳಿದರು. "ಮೇಲಿನ ತಿರುವಿಂದಾನೇ ಕೇಳಿಸ್ತಾ ಇತ್ತು ನಿನ್ನ ಹೆಜ್ಜೆ. ಧಪ್ ಧಪ್ ಧಪ್. ಆಮೇಲೆ ನಿಂತೋಯ್ತು." ಅವರು ಇಳಿಯುವವರನ್ನು ಕಣ್ಣಿಂದ ನೋಡುವುದಿಲ್ಲ. ಕಣ್ಣು ಮುಚ್ಚಿ ಕೇಳುತ್ತಾರೆ. ಹಿಮ್ಮಡಿ ಮುಂದಿಟ್ಟು ಬ್ರೇಕ್ ಹಾಕುತ್ತಾ ಇಳಿದರೆ ಸದ್ದು ಜೋರು, ಎರಡು ಹೆಜ್ಜೆಗಳ ನಡುವೆ ಅಂತರ ಜಾಸ್ತಿ. ಮಂಡಿ ಸ್ವಲ್ಪ ಬಗ್ಗಿಸಿ, ಮೈಯನ್ನು ಹಿಂದಕ್ಕೆ ವಾಲಿಸದೆ, ಪುಟ್ಟ ಪುಟ್ಟ ಹೆಜ್ಜೆ ಬೇಗ ಬೇಗ ಇಟ್ಟರೆ ಸದ್ದು ಸಣ್ಣದು. ನೆಲಕ್ಕೆ ಗುದ್ದಿದ್ದೆಲ್ಲ ತೊಡೆಗೆ ವಾಪಸ್ ಬರುತ್ತದೆ ಅನ್ನುವುದು ಅವರ ಲೆಕ್ಕ.

ಡಾಕ್ಟ್ರು ಬಂದು ಕಾಲು ನೀವಿ, ಓಆರ್‌ಎಸ್ ಕುಡಿಸಿದರು. ಹತ್ತು ನಿಮಿಷದಲ್ಲಿ ಅಕ್ಕ ಬಂದರು. ಅವರು ತಿರುವಿನಲ್ಲಿ ಕಾಣುವ ಮೊದಲೇ ಸರ್ "ಟೀಚರ್ ಬಂದ್ರು" ಅಂದರು. ಬಲಗಾಲು ಮಾತ್ರ ಜೋರಾಗಿ ಬೀಳುತ್ತಿತ್ತು. ಎಡಗಾಲು ತಟ್, ಬಲಗಾಲು ಧಪ್. ತಟ್ ಧಪ್, ತಟ್ ಧಪ್. ಒಂದು ಸಲ ಕೇಳಿದರೆ ಮರೆಯುವ ಹಾಗಿರಲಿಲ್ಲ. "ಟೀಚರೇ, ಬಲಗಾಲು ಯಾಕೆ ಸಿಟ್ಟು ಮಾಡ್ಕೊಂಡಿದೆ?" ಅಂದರು ಸರ್. ಹೋದ ವರ್ಷ ಬಲ ಹಿಮ್ಮಡಿ ನೊಂದಿತ್ತು, ಆಗಿನಿಂದ ಆ ಕಾಲನ್ನು ಹೆದರಿ ಹೆದರಿ ಇಡುತ್ತೇನೆ ಅಂದರು ಅಕ್ಕ. ಹೆದರಿದ್ದರಿಂದಲೇ ಮಂಡಿ ಬಿಗಿದುಕೊಂಡು ಗುದ್ದು ಜಾಸ್ತಿ ಬೀಳುತ್ತಿತ್ತು. ಸರ್ ಎದ್ದು ನಿಂತು, ರಸ್ತೆಯಲ್ಲೇ ಇಪ್ಪತ್ತು ಮೀಟರ್ ಮೇಲೆ ಕೆಳಗೆ ಆರು ಸಲ ಅವರನ್ನು ಓಡಿಸಿದರು. "ಬಲಗಡೆ ಮಂಡಿ ಬಗ್ಸಿ. ಕೈ ಅಗಲ ಮಾಡಿ. ಕಣ್ಣು ಪಾದದ ಮೇಲೆ ಬೇಡ, ಹದಿನೈದು ಅಡಿ ಮುಂದೆ ಇರಲಿ." ಆರನೇ ಸಲಕ್ಕೆ ಸ್ವಲ್ಪ ಕಡಿಮೆಯಾಯಿತು. ಆಮೇಲೆ ಅಕ್ಕ ಉಳಿದ ದಾರಿ ಇಳಿದರು. ನಾನು ಎರಡು ಕಿಲೋಮೀಟರ್ ಕುಂಟುತ್ತಾ ನಡೆದು, ಕೊನೆಗೆ ಟಿಟಿ ಹತ್ತಿದೆ. 32ರಲ್ಲಿ ನನ್ನದು 25ಕ್ಕೇ ನಿಂತಿತು.

ಬಿಸಿಲೇರಿತ್ತು. ಮನೆ ತಲುಪಿದಾಗ ಹನ್ನೊಂದೂ ಕಾಲು. ಊಟ, ನಿದ್ದೆ. ಸಂಜೆ ಜಗಲಿ ಇಳಿಯಲು ನನಗೆ ಗೋಡೆ ಬೇಕಾಯಿತು. ಅಕ್ಕ ಅಂಗಳದಲ್ಲಿ ಬರಿಗಾಲಲ್ಲಿ ಮೆಲ್ಲಗೆ ಓಡಾಡುತ್ತಿದ್ದರು, ಮಂಡಿ ಬಗ್ಗಿಸಿ, ಕೈ ಅಗಲ ಮಾಡಿ. ಕಣದ ಈ ತುದಿಯಿಂದ ಆ ತುದಿಗೆ. ಮನೆಯ ಅಮ್ಮ ಕಾಳುಮೆಣಸು ಗೋರುತ್ತಾ ಅವರನ್ನೇ ನೋಡುತ್ತಿದ್ದರು. "ನಮ್ಮ ಆಳುಗಳು ಕಣದಲ್ಲಿ ಹಿಂಗೇ ಓಡಾಡೋದು, ಕಾಲಡಿ ಕಾಳು ಒಡೀಬಾರದಲ್ಲ" ಅಂದರು. ಅಕ್ಕ ತಟ್ಟನೆ ನಿಂತು, "ಇನ್ನೊಂದ್ಸಲ ಹೇಳಿ ಅಮ್ಮ" ಅಂದರು.

ಭಾನುವಾರ, ಏಪ್ರಿಲ್ 6

ಶ್ರೀರಾಮನವಮಿ. ನಾವು ಏಳುವ ಮೊದಲೇ ಮನೆಯ ಅಮ್ಮ ತಲೆಗೆ ನೀರು ಹಾಕಿಕೊಂಡು ಬಾಗಿಲಿಗೆ ತೋರಣ ಕಟ್ಟಿದ್ದರು. ಓಡಿ ಬನ್ನಿ, ಪಾನಕ ಕೋಸಂಬರಿ ಮಾಡಿರ್ತೀನಿ ಅಂದರು.

ಇವತ್ತು ಹತ್ತುವುದಿಲ್ಲ. ಟಿಟಿಯಲ್ಲಿ ಸೀತಾಳಯ್ಯನಗಿರಿ ತನಕ ಹೋಗಿ, ಅಲ್ಲಿಂದ ಮನೆಗೆ 13 ಕಿಲೋಮೀಟರ್ ಇಳಿಯುವುದು ಮಾತ್ರ. ನೊಂದ ಕಾಲಲ್ಲಿ ಇಳಿಸುವುದು ಬೇಡ ಅಂತ ಡಾಕ್ಟ್ರು ಹಿಂದಿನ ರಾತ್ರಿ ವಾದ ಮಾಡಿದ್ದರು. ಕಾಮ್ರೇಡ್ಸ್‌ನ ಕೊನೆಯ ಇಪ್ಪತ್ತು ಕಿಲೋಮೀಟರ್ ಓಡುವುದೇ ನೊಂದ ಕಾಲಲ್ಲಿ ಅನ್ನುವುದು ಸರ್ ವಾದ. ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ: ನಿನ್ನೆಗಿಂತ ನಿಧಾನ, ಕುಂಟು ಬಂದರೆ ಅಲ್ಲಿಗೇ ನಿಲ್ಲಿಸುವುದು, ಮುಂದಿನ ಹತ್ತು ದಿನ ಬೆಟ್ಟದ ಹೆಸರೆತ್ತಬಾರದು. ನನ್ನನ್ನು ಮತ್ತು ಇನ್ನಿಬ್ಬರನ್ನು ಡಾಕ್ಟ್ರು ಓಡಲು ಬಿಡಲೇ ಇಲ್ಲ. ಅವರಿಬ್ಬರು ಮನೆಯಲ್ಲಿ ಉಳಿದರು. ನಾನು ಕೋಚ್ ಸರ್ ಜೊತೆ ಮೋರಿಕಟ್ಟೆ ಮೇಲೆ ಕೂತೆ.

ಓಡದೆ ಬೆಟ್ಟದಲ್ಲಿ ಕೂತಿದ್ದು ನನಗೆ ಅದೇ ಮೊದಲು. ಏಳು ಗಂಟೆಯ ಹೊತ್ತಿಗೆ ಅಲ್ಲಿ ಎಷ್ಟು ನಿಶ್ಶಬ್ದ ಅಂದರೆ, ಕೆಳಗಿನ ತೋಟದಲ್ಲಿ ಯಾರೋ ಯಾರನ್ನೋ ಕೂಗಿದ್ದು ಕೇಳುತ್ತಿತ್ತು. ಶೋಲಾದ ಒಳಗೆಲ್ಲೋ ಒಂದು ಹಕ್ಕಿ ಮನುಷ್ಯರ ಹಾಗೆಯೇ ಸಿಳ್ಳೆ ಹೊಡೆಯುತ್ತಿತ್ತು. ಸರ್ ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ಕೊಟ್ಟರು. ಕಾಫಿ ಕುಡಿಯುತ್ತಾ ತಮ್ಮ ಓಟದ ದಿನಗಳ ಬಗ್ಗೆ ಸ್ವಲ್ಪ ಮಾತಾಡಿದರು. ಆಗ ಇಳಿಯೋದನ್ನ ಯಾರೂ ಕಲಿಸ್ತಿರಲಿಲ್ಲ, ಜೋರಾಗಿ ಇಳಿದೋನೇ ಗಂಡು ಅನ್ನೋರು, ನನ್ನ ಮಂಡಿ ಹೋಗಿದ್ದು ಹಾಗೇನೇ ಅಂದರು. ಆಮೇಲೆ ಗಡಿಯಾರ ನೋಡಿ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿದೆ.

ಮೊದಲು ಬಂದವನು ಹಾಸನದ ಹುಡುಗ. ಎರಡು ತಿರುವು ಮೇಲಿದ್ದಾಗಲೇ ಕೇಳಿಸಿತು. "ಇವನು ಇನ್ನೂ ಗುದ್ತಾನೆ" ಅಂದರು ಸರ್. ಅವನು ದಾಟಿದ. ಆಮೇಲೆ ಡಾಕ್ಟ್ರು, ಹೆಜ್ಜೆ ಎಳೆದ ಹಾಗೆ ಒಂದು ಸಪ್ಪಳ. ಆಮೇಲೆ ಮೂವರು ಒಟ್ಟಿಗೆ, ಮಾತಾಡಿಕೊಂಡು. ಬರಬರುತ್ತಾ ನನಗೂ ಗೊತ್ತಾಗತೊಡಗಿತು. ಯಾರು ದಣಿದಿದ್ದಾರೆ, ಯಾರ ಯಾವ ಕಾಲು ನೋಯುತ್ತಿದೆ, ಯಾರು ತಿರುವಿನಲ್ಲಿ ಹೆದರುತ್ತಾರೆ. ಎಂಟು ವರ್ಷ ಇವರ ಜೊತೆ ಓಡಿದ್ದೇನೆ, ಒಂದು ದಿನವೂ ಇವರ ಹೆಜ್ಜೆ ಕೇಳಿರಲಿಲ್ಲ.

ನಾನು ಕಾಯುತ್ತಿದ್ದದ್ದು ಆ ತಟ್ ಧಪ್‌ಗೆ. ಅಕ್ಕ ಎಲ್ಲರಿಗಿಂತ ಕೊನೆಗೆ ಹೊರಟಿದ್ದರು. ಐದು ನಿಮಿಷ ಆಯಿತು. ಹತ್ತು ಆಯಿತು. ಒಂದು ಜೀಪು ಹತ್ತಿ ಹೋಯಿತು, ಅದರ ಸದ್ದು ಅಡಗುವ ತನಕ ಏನೂ ಕೇಳಲಿಲ್ಲ. ಮತ್ತೆ ಹಕ್ಕಿಯ ಸಿಳ್ಳೆ. ಒಣಹುಲ್ಲಿನ ಮೇಲೆ ಗಾಳಿ. ಕಾಲಿಗೆ ಏನಾದರೂ ಆಯಿತೇನೋ, ಎಲ್ಲಾದರೂ ಕೂತುಬಿಟ್ಟರೇನೋ ಅಂತ ನನಗೆ ಒಳಗೊಳಗೇ ಶುರುವಾಯಿತು. ಎದ್ದು ನೋಡೋಣ ಅಂತ ಕಣ್ಣು ತೆರೆದೆ.

ಅಕ್ಕ ನಮ್ಮ ಎದುರಿಗೇ ದಾಟುತ್ತಿದ್ದರು. ನಾಲ್ಕು ಮಾರು ದೂರ ಅಷ್ಟೆ. ಕೈ ಎರಡೂ ಕಡೆ ಚಾಚಿ, ಮಂಡಿ ಬಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ. ಕಣದ ಮೇಲೆ ಕಾಳು ಒಡೆಯದ ಹಾಗೆ. ಮುಖ ಮುಂದಕ್ಕೆ ನೆಟ್ಟಿತ್ತು, ನನ್ನ ಕಡೆ ತಿರುಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ತಿರುವು ದಾಟಿಬಿಟ್ಟರು.

ಸರ್ ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಟೀಚರ್ ಯಾಕಮ್ಮ ಇನ್ನೂ ಬರಲಿಲ್ಲ?" ಅಂತ ಕೇಳಿದರು.

"ಹೋದ್ರು ಸರ್."

ಕಣ್ಣು ಬಿಟ್ಟು ಕೆಳಗಿನ ರಸ್ತೆ ನೋಡಿದರು. ಎರಡು ತಿರುವು ಆಚೆ, ಬಂಗಾರದ ಹುಲ್ಲಿನ ನಡುವೆ, ಅಕ್ಕನ ಕಿತ್ತಳೆ ಬಣ್ಣದ ಟೋಪಿ ಇಳಿದು ಹೋಗುತ್ತಿತ್ತು. ಸರ್ ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಫ್ಲಾಸ್ಕ್ ಮುಚ್ಚಳ ತಿರುಗಿಸಿ, ಡ್ರೈವರ್ ಅಣ್ಣನಿಗೆ ಫೋನ್ ಮಾಡಿ ಗಾಡಿ ತರಲು ಹೇಳಿದರು. ನನ್ನ ಕೈ ಹಿಡಿದು ಮೋರಿಕಟ್ಟೆಯಿಂದ ಇಳಿಸಿದರು.

ನಾವು ಮನೆ ತಲುಪಿದಾಗ ಅಕ್ಕ ಆಗಲೇ ಜಗಲಿ ಮೇಲೆ ಕೂತು ಎರಡನೇ ಲೋಟ ಪಾನಕ ಕುಡಿಯುತ್ತಿದ್ದರು.